ಮಾಡಿದ್ದುಣ್ಣೋ ಮಹರಾಯ ಎನ್ನುವ ಮೊದಲು



ಕುಡಿಯುವವನ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಕಥೆಗಳಿವೆ, ನಾಟಕಗಳಿವೆ, ಭಾಷಣಗಳಿವೆ. ಕುಡಿತವನ್ನು ಬಿಡುವವನ ಬಗ್ಗೆಯೂ ಇವೆ. ಅವನು ದೇವರ ಮುಂದೆ ಆಣೆ ಮಾಡುತ್ತಾನೆ, ಕೊರಳಿಗೆ ಹಾರ ಬೀಳುತ್ತದೆ, ಹೆಂಡತಿ ಕಣ್ಣೊರೆಸಿಕೊಳ್ಳುತ್ತಾಳೆ, ಅಲ್ಲಿಗೆ ಕಥೆ ಮುಗಿಯುತ್ತದೆ. ಆದರೆ ಬಿಟ್ಟು ಆರು ತಿಂಗಳಾದವನ, ಒಂದು ವರ್ಷವಾದವನ ಬಗ್ಗೆ ಯಾರೂ ಮಾತನಾಡುವುದಿಲ್ಲ. ಅವನ ಅಂಗಾಲು ಉರಿಯುತ್ತಿರುತ್ತದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಕಾಫಿ ಲೋಟ ಹಿಡಿದರೆ ಬೆರಳುಗಳು ನಡುಗುತ್ತವೆ. ಕಾರಣವಿಲ್ಲದೆ ಎದೆ ಡವಗುಟ್ಟುತ್ತದೆ. ಇಂಥವನಿಗೆ ನಾವು ಆಡುವ ಮಾತುಗಳಿವೆಯಲ್ಲ, ಇಂದು ಅವುಗಳೊಡನೆ ನನ್ನ ಜಗಳ.

ಆ ಮಾತುಗಳು ಮೂರು. ಒಂದು: "ಕುಡಿಯುತ್ತಿದ್ದಾಗಲೇ ಚೆನ್ನಾಗಿದ್ದ, ಬಿಟ್ಟ ಮೇಲೆ ಹಾಳಾದ." ಎರಡು: "ದೇಹಕ್ಕೆ ಅಭ್ಯಾಸವಾಗಿದೆ, ಔಷಧಿ ಅಂತ ಸ್ವಲ್ಪ ಕೊಡಿ." ಮೂರು: "ಮಾಡಿದ್ದುಣ್ಣೋ ಮಹರಾಯ." ಮೊದಲನೆಯದು ಸುಳ್ಳು. ಎರಡನೆಯದು ಅಪಾಯ. ಮೂರನೆಯದು ಕ್ರೌರ್ಯ. ಒಂದೊಂದಾಗಿ ನೋಡೋಣ.

ನನ್ನಲ್ಲಿ ಓದಿದ ಒಬ್ಬಾತ, ಹೆಸರು ಊರು ಬೇಡ, ಇಪ್ಪತ್ತು ವರ್ಷ ಕುಡಿದು, ಬಿಟ್ಟು ಎಂಟು ತಿಂಗಳಾದ ಮೇಲೆ ನನ್ನನ್ನು ಕಾಣಲು ಬಂದಿದ್ದ. "ಮೇಷ್ಟ್ರೇ, ಕುಡಿಯುವಾಗ ನನಗೆ ಕಾಲಿದೆ ಎಂಬುದೇ ಗೊತ್ತಿರಲಿಲ್ಲ. ಈಗ ರಾತ್ರಿಯೆಲ್ಲ ಕೆಂಡದ ಮೇಲೆ ಇಟ್ಟ ಹಾಗಾಗುತ್ತದೆ. ನಿದ್ದೆಗೆ ಅಂತ ಒಂದೇ ಒಂದು ಪೆಗ್ ಹಾಕು ಎಂದು ನಮ್ಮ ಭಾವನೇ ಹೇಳುತ್ತಿದ್ದಾರೆ. ಏನು ಮಾಡಲಿ?" ಎಂದು ಕೇಳಿದ. ಆ ಭಾವ ಕೆಟ್ಟವರಲ್ಲ. ಅವನ ನರಳಾಟವನ್ನು ನೋಡಲಾರದೆ ಹೇಳಿದವರು. ಒಳ್ಳೆಯವರ ಬಾಯಿಂದ ಬರುವ ಕೆಟ್ಟ ಸಲಹೆಯೇ ಹೆಚ್ಚು ಅಪಾಯಕಾರಿ, ಏಕೆಂದರೆ ಅದನ್ನು ಮೀರುವುದು ಕಷ್ಟ.

ಅವನಿಗೆ ನಾನು ಹೇಳಿದ್ದನ್ನೇ ನಿಮಗೂ ವಿವರವಾಗಿ ಹೇಳುತ್ತೇನೆ. ಮದ್ಯವು ಮಿದುಳನ್ನು ಮಂಕಾಗಿಸುವ ವಸ್ತು. ಮಿದುಳಿನಲ್ಲಿ ನರಗಳನ್ನು ಶಾಂತಗೊಳಿಸುವ 'ಗಾಬಾ' ಎಂಬ ರಾಸಾಯನಿಕದ ಕೆಲಸವನ್ನು ಅದು ಹೆಚ್ಚಿಸುತ್ತದೆ. ನರಗಳನ್ನು ಉದ್ರೇಕಿಸುವ 'ಗ್ಲುಟಮೇಟ್'ನ ಕೆಲಸವನ್ನು ಅಡಗಿಸುತ್ತದೆ. ವರ್ಷಗಟ್ಟಲೆ ಹೀಗಾದಾಗ ಮಿದುಳು ಸುಮ್ಮನೆ ಕೂರುವುದಿಲ್ಲ. ಸಮತೋಲ ಕಾಯ್ದುಕೊಳ್ಳಲು ಎದುರು ದಿಕ್ಕಿಗೆ ಜಗ್ಗಲು ಕಲಿಯುತ್ತದೆ. ಶಾಲೆಯ ಕ್ರೀಡಾದಿನದ ಹಗ್ಗಜಗ್ಗಾಟವನ್ನು ನೆನಪಿಸಿಕೊಳ್ಳಿ. ಒಂದು ಪಕ್ಷದವರು ದಿಢೀರನೆ ಹಗ್ಗ ಬಿಟ್ಟರೆ ಇನ್ನೊಂದು ಪಕ್ಷದವರು ಹಿಂದಕ್ಕೆ ಉರುಳುತ್ತಾರೆ. ಕುಡಿತ ನಿಂತ ಕೂಡಲೇ ಆಗುವುದು ಇದೇ. ಮೊದಲ ದಿನವೇ ನಡುಕ, ಬೆವರು, ವಾಂತಿ. ಮೊದಲ ಎರಡು ದಿನಗಳೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಕೆಲವರಿಗೆ ಜ್ವರ, ಭ್ರಮೆ, ದಿಕ್ಕುತಪ್ಪಿದ ಮಾತು ಶುರುವಾಗುತ್ತದೆ. ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆಯಿಲ್ಲದಿದ್ದರೆ ಇದರಿಂದ ಸಾವೂ ಸಂಭವಿಸಬಹುದು. ಆದ್ದರಿಂದ ಹಲವು ವರ್ಷ ದಿನವೂ ವಿಪರೀತ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸುತ್ತೇವೆ ಎನ್ನುವುದು ಶೌರ್ಯವಲ್ಲ, ಅವಿವೇಕ. ಬಿಡುವುದು ವೈದ್ಯರ ಕಣ್ಣಳತೆಯಲ್ಲಿ ಆಗಬೇಕು.

ಈ ಬಿರುಗಾಳಿ ಒಂದು ವಾರದಲ್ಲಿ ಇಳಿಯುತ್ತದೆ. ಆದರೆ ಎದುರು ದಿಕ್ಕಿಗೆ ಜಗ್ಗಲು ಕಲಿತ ಮಿದುಳು ಹಳೆಯ ಸ್ಥಿತಿಗೆ ಮರಳಲು ತಿಂಗಳುಗಳೇ ಬೇಕು. ನಿದ್ದೆಯ ಏರುಪೇರು, ಕಳವಳ, ಸಿಡಿಮಿಡಿ, ಯಾವುದರಲ್ಲೂ ರುಚಿಯಿಲ್ಲದ ಮನಸ್ಸು, ಇವೆಲ್ಲ ಆ ಅವಧಿಯ ಸಂಗತಿಗಳು. ನಿದ್ದೆಯಂತೂ ಕೆಲವರಿಗೆ ಒಂದು ವರ್ಷ ಕಳೆದರೂ ಸರಿಹೋಗುವುದಿಲ್ಲ. ಮನೆಯವರು ಇದನ್ನು ಅಹಂಕಾರವೆಂದೋ, ಸೋಮಾರಿತನವೆಂದೋ, ಕಳ್ಳತನದಲ್ಲಿ ಕುಡಿಯುತ್ತಿದ್ದಾನೆಂದೋ ತಿಳಿಯುತ್ತಾರೆ.

ಇನ್ನು ಕಾಲುರಿಯ ಮಾತು. ನೀವೆಲ್ಲರೂ ಒಂದು ಅಂಕಕ್ಕಾಗಿ ಬಾಯಿಪಾಠ ಮಾಡಿದ ಪಟ್ಟಿಯೊಂದಿತ್ತು: ಎ ಜೀವಸತ್ವ, ಇರುಳುಗಣ್ಣು, ಬಿ1 ಜೀವಸತ್ವ, ಬೆರಿಬೆರಿ, ಸಿ ಜೀವಸತ್ವ, ಸ್ಕರ್ವಿ. ಆ ಬಿ1 ಎಂದರೆ ಥಯಮಿನ್. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಡಚ್ ವೈದ್ಯ ಐಕ್ಮನ್ ಅವರು ಪಾಲಿಶ್ ಮಾಡಿದ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನೂ, ತವುಡಿರುವ ಅಕ್ಕಿ ಕೊಟ್ಟಾಗ ಅವು ಚೇತರಿಸಿಕೊಳ್ಳುವುದನ್ನೂ ಕಂಡರು. 1929ರಲ್ಲಿ ಅವರಿಗೆ ನೊಬೆಲ್ ಬಹುಮಾನದ ಪಾಲು ದೊರೆಯಿತು. ನಮ್ಮ ಕರಾವಳಿಯವರು ಉಣ್ಣುವ ಕುಚ್ಚಲಕ್ಕಿಯಲ್ಲಿ, ಭತ್ತವನ್ನು ಬೇಯಿಸುವಾಗ ಈ ಸತ್ವ ಕಾಳಿನ ಒಳಗಿಳಿಯುವುದರಿಂದ, ಹೆಚ್ಚು ಉಳಿಯುತ್ತದೆ. ವಿಪರೀತ ಕುಡಿಯುವವನು ಮೊದಲೇ ಸರಿಯಾಗಿ ಉಣ್ಣುವುದಿಲ್ಲ. ಉಂಡದ್ದರಲ್ಲಿಯ ಥಯಮಿನ್ ಅನ್ನು ಕರುಳು ಹೀರಿಕೊಳ್ಳದಂತೆ ಮದ್ಯ ತಡೆಯುತ್ತದೆ. ಯಕೃತ್ತು ಅದನ್ನು ಕೂಡಿಡಲಾರದು. ಜೊತೆಗೆ ಮದ್ಯವೇ ನೇರವಾಗಿ ನರತಂತುಗಳಿಗೆ ವಿಷ. ದೇಹದ ಅತ್ಯಂತ ಉದ್ದದ ನರಗಳು ಪಾದದವರೆಗೆ ಹೋಗುವಂಥವು, ಆದ್ದರಿಂದ ಕೇಡು ಮೊದಲು ಕಾಣುವುದು ಪಾದದಲ್ಲಿ: ಜೋಮು, ಮರಗಟ್ಟುವಿಕೆ, ಉರಿ.

ಹಾಗಾದರೆ ಬಿಟ್ಟ ಮೇಲೆ ಏಕೆ ಉರಿ ಹೆಚ್ಚಾಯಿತು? ಹೆಚ್ಚಾಗಲಿಲ್ಲ, ಕಾಣಿಸಿತು. ದಿನವೂ ಮಂಕುಬಡಿದ ಮಿದುಳಿಗೆ ಕಾಲಿನ ಕೂಗು ಕೇಳುತ್ತಿರಲಿಲ್ಲ. ಬಡ್ಡಿಸಾಲಗಾರನು ಹೊಸ ಸಾಲ ತಂದು ಹಳೆಯ ಬಡ್ಡಿ ಕಟ್ಟುತ್ತಿರುವಷ್ಟು ದಿನ ಮನೆಯಲ್ಲಿ ನೆಮ್ಮದಿಯಿರುವಂತೆ ತೋರುತ್ತದೆ. ಹೊಸ ಸಾಲ ನಿಲ್ಲಿಸಿದ ದಿನ ಹಳೆಯ ಲೆಕ್ಕ ಮುಂದೆ ಬಂದು ನಿಲ್ಲುತ್ತದೆ. ಆ ದಿನ ಸಾಲವಾಯಿತು ಎನ್ನುವುದು ಎಷ್ಟು ತಪ್ಪೋ, "ಬಿಟ್ಟ ಮೇಲೆ ಹಾಳಾದ" ಎನ್ನುವುದೂ ಅಷ್ಟೇ ತಪ್ಪು. ಒಂದು ಪೆಗ್ ಹಾಕಿದರೆ ನಡುಕ ನಿಲ್ಲುವುದು ನಿಜ. ಅದು ಔಷಧಿಯ ಗುಣವಲ್ಲ, ಮತ್ತೆ ಪಡೆದ ಸಾಲ.

ಗಣಿತದವರು ಕ್ಷಮಿಸಲಿ, ಒಂದು ಸಣ್ಣ ಲೆಕ್ಕ ಮಾಡುತ್ತೇನೆ. ಹಾನಿಗೊಂಡ ನರತಂತು ಮತ್ತೆ ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಮೊಣಕಾಲಿನಿಂದ ಹೆಬ್ಬೆರಳಿಗೆ 45 ಸೆಂಟಿಮೀಟರ್ ಎಂದಿಟ್ಟುಕೊಂಡರೂ 450 ದಿನಗಳಾದವು. ಎಲ್ಲವೂ ಸರಿಯಾಗಿ ನಡೆದರೆ ಮಾತ್ರ ಈ ಲೆಕ್ಕ. ಕೆಲವು ನರಗಳು ಪೂರ್ತಿ ಮರಳುವುದೇ ಇಲ್ಲ. ಎಂಟು ತಿಂಗಳಿಗೆ "ಇನ್ನೂ ಹೋಗಲಿಲ್ಲವೇ?" ಎಂದು ಕೇಳುವವರು ಈ ಲೆಕ್ಕವನ್ನು ಒಮ್ಮೆ ಮಾಡಲಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತೇವೆ. ಇಲ್ಲಿ ದೊಣ್ಣೆಯೇ ಇಪ್ಪತ್ತು ವರ್ಷ ಆಡಿದೆ. ಕುಂಬಾರನಿಗೆ ಎರಡು ವರ್ಷವನ್ನಾದರೂ ಕೊಡಬೇಡವೇ?

ಕುಂಬಾರ ಕೆಲಸ ಮಾಡುತ್ತಿದ್ದಾನೆ ಎಂಬುದಕ್ಕೆ ಸಾಕ್ಷಿಗಳಿವೆ. ಯಕೃತ್ತಿನಲ್ಲಿ ಬರಿಯ ಕೊಬ್ಬು ತುಂಬಿದ್ದ ಹಂತವಾದರೆ ಕೆಲವೇ ವಾರಗಳಲ್ಲಿ ಅದು ಕರಗತೊಡಗುತ್ತದೆ. ಏರಿದ್ದ ರಕ್ತದೊತ್ತಡ ವಾರಗಳಲ್ಲಿ ಇಳಿಯುತ್ತದೆ. ಕುಡಿತದಿಂದ ಗಾತ್ರ ಹಿಗ್ಗಿದ್ದ ಕೆಂಪು ರಕ್ತಕಣಗಳ ಆಯುಸ್ಸು ಸುಮಾರು 120 ದಿನ. ನಾಲ್ಕು ತಿಂಗಳಲ್ಲಿ ಅವುಗಳ ಜಾಗಕ್ಕೆ ಸರಿಯಾದ ಕಣಗಳು ಬರುತ್ತವೆ. ಯಕೃತ್ತು ಗಂಟುಗಟ್ಟಿ ಸಿರೋಸಿಸ್ ಆಗಿದ್ದರೆ ಆ ಕಲೆ ಹೋಗುವುದು ಕಷ್ಟ, ಆದರೆ ಆಗಲೂ ಬಿಟ್ಟವನೇ ಹೆಚ್ಚು ಕಾಲ ಬದುಕುತ್ತಾನೆ. ದುರದೃಷ್ಟವೆಂದರೆ ವಾಸಿಯಾಗುವುದು ಒಳಗೆ ನಡೆಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಉರಿ ಮಾತ್ರ ಅವನಿಗೆ ಪ್ರತಿ ರಾತ್ರಿ ತಿಳಿಯುತ್ತದೆ.

ಈಗ ಮೂರನೆಯ ಮಾತಿಗೆ ಬರೋಣ. ಸಿಹಿ ತಿಂದು ಸಕ್ಕರೆ ಕಾಯಿಲೆ ಏರಿಸಿಕೊಂಡ ಮಾವನವರಿಗೆ ನಾವು "ಮಾಡಿದ್ದುಣ್ಣೋ ಮಹರಾಯ" ಎನ್ನುವುದಿಲ್ಲ. ಹಾಗಲಕಾಯಿ ಪಲ್ಯ ಮಾಡಿಕೊಡುತ್ತೇವೆ. ಬೀಡಿ ಸೇದಿ ಎದೆನೋವು ತಂದುಕೊಂಡ ದೊಡ್ಡಪ್ಪನವರನ್ನು ಕಾರಿನಲ್ಲಿ ಮಲಗಿಸಿಕೊಂಡು ಮೈಸೂರಿಗೋ ಬೆಂಗಳೂರಿಗೋ ಓಡುತ್ತೇವೆ. ಕುಡಿತ ಬಿಟ್ಟವನಿಗೆ ಮಾತ್ರ ಕರ್ಮಸಿದ್ಧಾಂತವನ್ನು ಉಪದೇಶಿಸುತ್ತೇವೆ. ಅದೂ ಯಾವಾಗ? ಕುಡಿಯುತ್ತಿದ್ದಾಗ ಹೆದರಿ ಸುಮ್ಮನಿದ್ದವರು, ಬಿಟ್ಟು ಸೌಮ್ಯನಾದ ಮೇಲೆ ಹಳೆಯ ಲೆಕ್ಕವನ್ನೆಲ್ಲ ತೆಗೆಯುತ್ತಾರೆ. ಅವನಿಂದ ಹೊಡೆತ ತಿಂದ ಹೆಂಡತಿಗೆ, ಹೆದರಿ ಬೆಳೆದ ಮಕ್ಕಳಿಗೆ ಕೋಪವಿರುವುದು ನ್ಯಾಯ. ಕೂಡಲೇ ಕ್ಷಮಿಸಿಬಿಡಿ ಎಂದು ಅವರಿಗೆ ಹೇಳುವ ಅಧಿಕಾರ ನನಗಿಲ್ಲ. ನನ್ನ ಮಾತು ಏನನ್ನೂ ಕಳೆದುಕೊಳ್ಳದೆ ಜಗಲಿಯ ಮೇಲೆ ಕುಳಿತು ಗಾದೆ ಹೇಳುವವರ ಕುರಿತು.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮದ್ಯದ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಸರ್ಕಾರದ ಲೆಕ್ಕಾಚಾರವೋ ಬೇರೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. 2025–26ರ ಮುಂಗಡಪತ್ರ ಅಬಕಾರಿಯಿಂದ 40,000 ಕೋಟಿ ರೂಪಾಯಿ ವರಮಾನದ ಗುರಿ ಇಟ್ಟುಕೊಂಡಿತು. ಕುಡಿಯುವವನಿಂದ ಇಷ್ಟನ್ನು ನಿರೀಕ್ಷಿಸುವ ವ್ಯವಸ್ಥೆ, ಬಿಟ್ಟವನ ಕಾಲಿನ ನರಕ್ಕೆ ತಾಲ್ಲೂಕು ಮಟ್ಟದಲ್ಲಿ ಏನನ್ನು ಕೊಡುತ್ತಿದೆ ಎಂದು ಕೇಳುವ ಹಕ್ಕು ನಮಗಿದೆ. ಎಂಟು ದಿನಗಳ ಮದ್ಯವರ್ಜನ ಶಿಬಿರಗಳನ್ನು ನಡೆಸುವ ಧರ್ಮಸ್ಥಳದ ಯೋಜನೆಯವರು ಶಿಬಿರದ ನಂತರ ನವಜೀವನ ಸಮಿತಿಗಳ ಮೂಲಕ ಬಿಟ್ಟವರನ್ನು ಒಟ್ಟಿಗೆ ಹಿಡಿದಿಡಲು ಯತ್ನಿಸುತ್ತಾರೆ. ಎಂಟು ದಿನ ಸಾಲದು ಎಂಬುದು ಅವರಿಗೆ ತಿಳಿದಿದೆ. ನಮಗೂ ತಿಳಿಯಬೇಕು.

ಈ ಅಜ್ಞಾನದ ಮೇಲೆಯೇ ಒಂದು ವ್ಯಾಪಾರವೂ ನಡೆಯುತ್ತಿದೆ. ಗೋಡೆಯ ಮೇಲೆ 'ನರದೌರ್ಬಲ್ಯಕ್ಕೆ ಗ್ಯಾರಂಟಿ ಚಿಕಿತ್ಸೆ' ಎಂದು ಬರೆಸುವವರನ್ನು ನಂಬಬೇಡಿ. ಶಕ್ತಿ ಬರಲೆಂದು ಅರಿಷ್ಟ, ಆಸವಗಳನ್ನು ಕುಡಿಸುವವರು ಅವುಗಳಲ್ಲಿ ಹುದುಗುವಿಕೆಯಿಂದ ಹುಟ್ಟಿದ ಮದ್ಯಸಾರ ಇರುತ್ತದೆಂಬುದನ್ನು ಅರಿಯಬೇಕು. ನಿದ್ದೆಮಾತ್ರೆಯನ್ನು ಅಂಗಡಿಯಿಂದ ತಾನೇ ತಂದು ನುಂಗುವುದು ಒಂದು ಚಟದ ಜಾಗಕ್ಕೆ ಇನ್ನೊಂದನ್ನು ಕೂರಿಸುವುದು. ಅವನಿಗೆ ಗೊತ್ತಾಗದಂತೆ ಸಾರಿನಲ್ಲಿ, ಕಾಫಿಯಲ್ಲಿ ಪುಡಿ ಬೆರೆಸುವುದು ಎಲ್ಲಕ್ಕಿಂತ ಅಪಾಯ. ಅದರಲ್ಲಿ ಡೈಸಲ್ಫಿರಾಮ್ ಇದ್ದು, ಅವನು ಅರಿಯದೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತಾಗಬಹುದು. ಆ ಔಷಧಿ ಒಳ್ಳೆಯದೇ, ಆದರೆ ರೋಗಿಯ ಒಪ್ಪಿಗೆಯಿಂದ, ವೈದ್ಯರ ಕೈಯಿಂದ ಮಾತ್ರ.

ಹಾಗಾದರೆ ಏನು ಮಾಡಬೇಕು? ಬಿಟ್ಟವನನ್ನು ಒಂದೆರಡು ವರ್ಷ ಚೇತರಿಸಿಕೊಳ್ಳುತ್ತಿರುವ ರೋಗಿಯೆಂದು ಕಾಣಬೇಕು. ಥಯಮಿನ್ ಅನ್ನು ವೈದ್ಯರು ಹೇಳಿದಂತೆ, ಮೊದಲು ಇಂಜೆಕ್ಷನ್ನಿನಲ್ಲಿ ಬೇಕಾದರೆ ಹಾಗೆಯೇ, ಆಮೇಲೆ ಮಾತ್ರೆಯಲ್ಲಿ, ತಪ್ಪದೆ ಕೊಡಿಸಬೇಕು. ಬೇಳೆಕಾಳು, ಶೇಂಗಾ, ಎಳ್ಳು, ತವುಡುಳ್ಳ ಧಾನ್ಯ ಊಟದಲ್ಲಿರಲಿ, ಆದರೆ ಊಟವೊಂದೇ ಸಾಲದು. ಮರಗಟ್ಟಿದ ಪಾದಕ್ಕೆ ಬಿಸಿ ತಿಳಿಯುವುದಿಲ್ಲ. ಹಂಡೆಯ ನೀರನ್ನು ಬೇರೆಯವರು ಕೈಯಿಟ್ಟು ನೋಡಲಿ, ಬರಿಗಾಲಲ್ಲಿ ತೋಟಕ್ಕೆ ಹೋಗುವುದು ಬೇಡ, ದಿನವೂ ಪಾದದಲ್ಲಿ ಗಾಯವಿದೆಯೇ ಎಂದು ನೋಡಿಕೊಳ್ಳಲಿ. ಎಲ್ಲವನ್ನೂ 'ಬಿಟ್ಟದ್ದರ ಪರಿಣಾಮ' ಎಂದು ತಳ್ಳಿಹಾಕುವುದೂ ತಪ್ಪು. ಕಾಲುರಿಗೆ ಸಕ್ಕರೆ ಕಾಯಿಲೆ, ಬಿ12ರ ಕೊರತೆಯೂ ಕಾರಣವಿರಬಹುದು. ತೊಡೆಸಂದಿಯ ನೋವಿದ್ದರೆ ಸೊಂಟದ ಮೂಳೆಗೆ ಕೇಡಾಗಿರಬಹುದು. ಪರೀಕ್ಷೆ ಮಾಡಿಸಿ. ಕಣ್ಣು ಹಳದಿಯಾದರೆ, ರಕ್ತ ವಾಂತಿಯಾದರೆ, ಮಲ ಟಾರಿನಂತೆ ಕಪ್ಪಾದರೆ, ಹೊಟ್ಟೆ ಊದಿಕೊಂಡರೆ, ನಡಿಗೆ ತಪ್ಪಿ ವಸ್ತು ಎರಡಾಗಿ ಕಂಡು ಮಾತು ಗೊಂದಲವಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕೊನೆಯದು 1881ರಲ್ಲೇ ವರ್ನಿಕೆ ಎಂಬ ವೈದ್ಯರು ವಿವರಿಸಿದ ಮಿದುಳಿನ ರೋಗವಿರಬಹುದು; ಥಯಮಿನ್ ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು, ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗ ಇದ್ದಾರೆ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್‌ನ ಸಂಖ್ಯೆ 14416, ಕರೆ ಉಚಿತ.

ನನ್ನ ಆ ವಿದ್ಯಾರ್ಥಿ ವೈದ್ಯರನ್ನು ಕಂಡ. ಕಾಲುರಿ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಕುಡಿದಿಲ್ಲ. ಈ ಮೂರು ವಾಕ್ಯಗಳೂ ಏಕಕಾಲಕ್ಕೆ ನಿಜವಾಗಿರಬಹುದು ಎಂಬುದನ್ನು ನಮ್ಮ ಸಮಾಜ ಒಪ್ಪಿಕೊಳ್ಳಲಿ ಎಂಬುದಷ್ಟೇ ನನ್ನ ವಾದ.

ನಿಮ್ಮ ನಿಮ್ಮ ಬಂಧುಬಳಗದಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಮುಂದಿನ ಗೃಹಪ್ರವೇಶಕ್ಕೋ ನಾಮಕರಣಕ್ಕೋ ಅವರನ್ನು ಮರೆಯದೆ ಕರೆಯಿರಿ. ಬಂದಾಗ "ಇನ್ನೂ ಬಿಟ್ಟೇ ಇದ್ದೀಯೇನಪ್ಪಾ?" ಎಂದು ಎಲ್ಲರೆದುರು ಕೇಳಬೇಡಿ. ಪಕ್ಕದಲ್ಲಿ ಕುಳಿತು, "ಈಚೆಗೆ ನಿದ್ದೆ ಬರುತ್ತಿದೆಯೇ? ಕಾಲುರಿ ಹೇಗಿದೆ?" ಎಂದು ಕೇಳಿ.