ತಲೆ ಎಣಿಸಿ ಕೊಡೋ ಹಕ್ಕು

ಹೋದ ತಿಂಗಳು ನಮ್ಮ ಅಧ್ಯಯನ ಕೂಟದಲ್ಲಿ ಸಲಿಂಗಿಗಳ ಮದುವೆಯ ಮಾತು ಬಂತು. ಗಂಡಿಗೆ ಗಂಡು, ಹೆಣ್ಣಿಗೆ ಹೆಣ್ಣು ಸಂಗಾತಿಯಾದರೆ ಕಾನೂನು ಅದನ್ನು ಮದುವೆ ಅನ್ನಬೇಕೋ ಬೇಡವೋ, ಅವರು ಮಗು ಸಾಕಬಹುದೋ ಬಾರದೋ ಅನ್ನೋ ಮಾತು. ಹಿರಿಯ ಗೆಳೆಯರೊಬ್ಬರು, ಹೋರಾಟದಲ್ಲಿ ಲಾಠಿ ತಿಂದವರು, ಸಲೀಸಾಗಿ ಹೇಳಿಬಿಟ್ಟರು: “ಇದಕ್ಯಾಕಪ್ಪ ಇಷ್ಟು ತಲೆಬಿಸಿ? ಜನರ ಓಟಿಗೆ ಹಾಕಿ. ಹೆಚ್ಚು ಜನ ಬೇಕು ಅಂದ್ರೆ ಕೊಡಿ, ಬ್ಯಾಡ ಅಂದ್ರೆ ಬಿಡಿ. ಪ್ರಜಾಪ್ರಭುತ್ವ ಅಂದ್ರೆ ಇದೇ ಅಲ್ವ?”

ಸುಮಾರು ತಲೆಗಳು ಹೌದು ಅಂತ ಆಡಿದವು. ಒಬ್ಬ ಸಂಗಾತಿ ಮಾತ್ರ ನೆಲ ನೋಡುತ್ತಾ ಕೂತಿದ್ದರು. ಅವರು ಯಾರು ಅಂತ ಇಲ್ಲಿ ಬರೆಯೋ ಹಾಗಿಲ್ಲ. ಜಾತಿ ವಿನಾಶದ ಮಾತಾಡುವ ನಮ್ಮ ಪತ್ರಿಕೆಯಲ್ಲೂ ಬರೆಯೋ ಹಾಗಿಲ್ಲ ಅನ್ನೋದನ್ನು ಮಾತ್ರ ನೆನಪಿಟ್ಟುಕೊಳ್ಳಿ. ಅವತ್ತು ನಾನೂ ಬಾಯಿ ಬಿಡಲಿಲ್ಲ. ಆ ಸಾಲ ತೀರಿಸೋಕೆ ಈ ಬರಹ.

ಓಟಿಗೆ ಹಾಕಿದರೆ ಏನಾಗುತ್ತೆ ಅಂತ ಊಹೆ ಮಾಡಬೇಕಾಗಿಲ್ಲ. ಹಾಕಿ ನೋಡಿದ ದೇಶಗಳಿವೆ. ಯೂರೋಪಿನ ಸ್ಲೊವೇನಿಯ ಅಂಥದ್ದೊಂದು. ಹಿಂದೆ ಯುಗೊಸ್ಲಾವಿಯದ ಭಾಗವಾಗಿದ್ದ, ಇಪ್ಪತ್ತು ಲಕ್ಷದಷ್ಟು ಜನರಿರುವ ಪುಟ್ಟ ದೇಶ. 2015ರ ಮಾರ್ಚಿನಲ್ಲಿ ಅಲ್ಲಿನ ಪಾರ್ಲಿಮೆಂಟು ಒಂದು ಕಾನೂನು ಮಾಡಿತು. ಮದುವೆ ಅಂದರೆ ಇಬ್ಬರು ವ್ಯಕ್ತಿಗಳದ್ದು, ಅವರು ಗಂಡೋ ಹೆಣ್ಣೋ ಅಂತ ಕಾನೂನು ಕೇಳುವುದಿಲ್ಲ ಅಂದಿತು. ಅದರ ಜತೆಗೆ ದತ್ತು ತೆಗೆದುಕೊಳ್ಳುವ ಹಕ್ಕೂ ಸೇರಿತ್ತು. ಕಾನೂನು ಜಾರಿಯಾಗುವ ಮುಂಚೆಯೇ ವಿರೋಧಿಗಳು ಸಹಿ ಸಂಗ್ರಹಿಸಿ, ಜನಮತಗಣನೆ ಆಗಲಿ ಅಂತ ಪಟ್ಟು ಹಿಡಿದರು. ಕ್ಯಾಥೊಲಿಕ್ ಚರ್ಚು ಬೆನ್ನಿಗೆ ನಿಂತಿತು. ಮಕ್ಕಳ ಗತಿ ಏನು ಅನ್ನೋದು ಅವರ ಕೂಗು.

ಮಾನವ ಹಕ್ಕಿನ ವಿಷಯದಲ್ಲಿ ಸಂವಿಧಾನಕ್ಕೆ ಆಗಿರುವ ಭಂಗವನ್ನು ಸರಿಪಡಿಸುವ ಕಾನೂನನ್ನು ಜನಮತಕ್ಕೆ ಹಾಕಕೂಡದು ಅಂತ ಆ ದೇಶದವರು 2013ರಲ್ಲೇ ಸಂವಿಧಾನ ತಿದ್ದಿ ಬರೆದುಕೊಂಡಿದ್ದರು. ಪಾರ್ಲಿಮೆಂಟು ಅದನ್ನೇ ಹಿಡಿದು, ಓಟು ಆಗೋದಿಲ್ಲ ಅಂದಿತು. ಆದರೆ ಸಂವಿಧಾನ ನ್ಯಾಯಾಲಯ ಐದಕ್ಕೆ ನಾಲ್ಕರ ತೀರ್ಪಿನಲ್ಲಿ ಓಟಿಗೆ ದಾರಿ ಬಿಟ್ಟಿತು. 2015ರ ಡಿಸೆಂಬರ್ 20ರಂದು ಓಟು ನಡೆಯಿತು. ಬಿದ್ದ ಓಟಿನಲ್ಲಿ ಶೇ. 63ಕ್ಕೂ ಹೆಚ್ಚು ‘ಬೇಡ’. ಕಾನೂನು ಸತ್ತಿತು.

ಈಗ ಲೆಕ್ಕ ಹಾಕಿ. ಓಟು ಹಾಕಲು ಬಂದವರೇ ಶೇ. 36ರಷ್ಟು. ಅಂದರೆ ನೂರು ಮತದಾರರಲ್ಲಿ ಬೇಡ ಅಂದವರು ಇಪ್ಪತ್ಮೂರು ಮಂದಿ. ಅರವತ್ತಕ್ಕೂ ಹೆಚ್ಚು ಮಂದಿ ಮನೆಯಲ್ಲೇ ಉಳಿದರು. ಯಾರ ಬಾಳಿನ ಪ್ರಶ್ನೆಯೋ ಅವರು ಊರಿಗೆ ಬೆರಳೆಣಿಕೆ. ಪಂದ್ಯ ಶುರುವಾಗುವ ಮುಂಚೆಯೇ ಸೋತಿದ್ದರು.

ಮಕ್ಕಳು, ಮಕ್ಕಳು ಅಂತ ಕೂಗುವವರು ಎಲ್ಲಾ ದೇಶದಲ್ಲೂ ಒಂದು ವಿಷಯ ಮರೆಯುತ್ತಾರೆ. ಅಂಥ ಮನೆಗಳಲ್ಲಿ ಮಕ್ಕಳು ಆಗಲೇ ಇದ್ದಾರೆ. ಉಣ್ಣುತ್ತಿದ್ದಾರೆ, ಸ್ಕೂಲಿಗೆ ಹೋಗುತ್ತಿದ್ದಾರೆ. ಇಬ್ಬರು ಹೆಂಗಸರು ಸಾಕಿದ ಕೂಸಿಗೆ ಕಾನೂನಿನ ಕಾಗದದಲ್ಲಿ ಒಬ್ಬಳೇ ತಾಯಿ ಅಂದರೆ, ಆ ಒಬ್ಬಳು ಸತ್ತ ದಿನ ಕೂಸು ಯಾರದ್ದು? ಓಟಿನ ಪೆಟ್ಟಿಗೆ ಇದನ್ನು ಕೇಳುವುದಿಲ್ಲ. ಆ ಕೂಸಿಗೆ ಓಟೂ ಇಲ್ಲ.

ಇದೆಲ್ಲ ನಮಗೆ ಹೊಸ ಕತೆಯಾ?

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮೂರ ಚಾವಡಿಯಲ್ಲಿ ಸಭೆ ಸೇರಿತ್ತು. ಹಬ್ಬದಲ್ಲಿ ಕೇರಿಯವರನ್ನು ಮಾರಿಗುಡಿ ಒಳಕ್ಕೆ ಬಿಡಬೇಕೋ ಬೇಡವೋ ಅಂತ. ಊರು ಮುನ್ನೂರು ಮನೆ, ಕೇರಿ ನಲವತ್ತು. ಬಿಡಬೇಕು ಅನ್ನೋರು ಕೈ ಎತ್ತಿ ಅಂದರು. ಕೇರಿಯ ನಾಲ್ಕೈದು ಕೈ ಎದ್ದವು. ಅಪ್ಪ ಎತ್ತಲಿಲ್ಲ. ಹೆದರಿಬಿಟ್ಟ ಅಂತ ನನಗೆ ಅವಮಾನ. ರಾತ್ರಿ ಉಣ್ಣುವಾಗ ಅವನೇ ಅಂದ: “ಸೋಲ್ತೀವಿ ಅಂತಲ್ಲ ಕಣ್ಲಾ. ನಾನು ಮನುಸ ಹೌದೋ ಅಲ್ವೋ ಅಂತ ಕೇಳ್ತಾವ್ರೆ. ನಾನೂ ಕೈ ಎತ್ತುದ್ರೆ, ಅದು ಕೇಳೋ ಮಾತೇ ಅಂತ ಒಪ್ಕಂಡಂಗಲ್ವಾ?” ಅಪ್ಪ ಸ್ಕೂಲಿನ ಮೆಟ್ಟಿಲು ಹತ್ತಿದವನಲ್ಲ. ನಾನು ಬಿ.ಎ. ಓದಿ ರಾಜ್ಯಶಾಸ್ತ್ರದಲ್ಲಿ ಕಲಿತದ್ದು ಅವನ ಈ ಮಾತಿಗಿಂತ ದೊಡ್ಡದಲ್ಲ.

ಮಹಾಡಿನ ಕೆರೆಯನ್ನೂ ನೆನೆಯಿರಿ. 1924ರಲ್ಲಿ ಅಲ್ಲಿನ ಪುರಸಭೆ ಚೌದಾರ್ ಕೆರೆ ಅಸ್ಪೃಶ್ಯರಿಗೂ ಮುಕ್ತ ಅಂತ ಠರಾವು ಮಾಡಿತು. ಠರಾವು ಕಾಗದದ ಮೇಲೇ ಉಳಿಯಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜತೆ ಹೋಗಿ ಆ ನೀರು ಕುಡಿದರು. ಸವರ್ಣೀಯರು ಜನರನ್ನು ಹೊಡೆದರು, ಕೆರೆಗೆ ಸಗಣಿ ಗಂಜಲ ಸುರಿದು ಶುದ್ಧಿ ಮಾಡಿದರು. ಅದೇ ಆಗಸ್ಟಿನಲ್ಲಿ ಅದೇ ಪುರಸಭೆ ತನ್ನ ಠರಾವನ್ನು ರದ್ದು ಮಾಡಿತು. ಸಭೆ ಸೇರಿಯೇ ಕೊಟ್ಟರು, ಸಭೆ ಸೇರಿಯೇ ಕಿತ್ತುಕೊಂಡರು. ಬಹುಮತ ಕೊಟ್ಟದ್ದನ್ನು ಬಹುಮತ ಕಿತ್ತುಕೊಳ್ಳಬಹುದು. ಅದಕ್ಕೇ ಅದರ ಹೆಸರು ಹಕ್ಕಲ್ಲ, ದಾಕ್ಷಿಣ್ಯ.

ಮದುವೆಯನ್ನೇ ಓಟಿಗೆ ಹಾಕಿದ ಇನ್ನೊಂದು ಕತೆ ಕೇಳಿ. ಅಮೆರಿಕದಲ್ಲಿ ಕರಿಯರು ಬಿಳಿಯರು ಮದುವೆಯಾಗಕೂಡದು ಅನ್ನುವ ಕಾನೂನುಗಳನ್ನು 1967ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೊಡೆದುಹಾಕಿತು. ಅಲಬಾಮ ರಾಜ್ಯದ ಸಂವಿಧಾನದಲ್ಲಿ ಮಾತ್ರ ಆ ಸತ್ತ ಸಾಲು ಹಾಗೇ ಬಿದ್ದಿತ್ತು. 2000ದಲ್ಲಿ ಅದನ್ನು ತೆಗೆಯಲು ಜನರ ಓಟು ಕೇಳಿದರು. ಮೂವತ್ಮೂರು ವರ್ಷ ಕಳೆದ ಮೇಲೂ ನೂರಕ್ಕೆ ನಲವತ್ತು ಓಟು ‘ಇರಲಿ’ ಅಂತ ಬಿತ್ತು. ನಮ್ಮಲ್ಲಿ ಅಂತರ್ಜಾತಿ ಮದುವೆಯನ್ನು ಊರೂರಿನ ಅರಳಿಕಟ್ಟೆ ಮೇಲೆ ಓಟಿಗೆ ಹಾಕಿ ನೋಡೋಣವಾ? ಜಾತಿ ಮೀರಿದ ಮಗಳನ್ನು ಕೊಂದು ಮರ್ಯಾದೆ ಉಳಿಯಿತು ಅನ್ನೋ ನಾಡಿನಲ್ಲಿ ಎಷ್ಟು ಓಟು ಬಿದ್ದೀತು? ಈ ಓಟಿಗೆ ನಮ್ಮ ಹಿರಿಯ ಗೆಳೆಯರು ಒಪ್ಪುತ್ತಾರಾ?

ಓಟು ಹಾಕಿಸದೆಯೇ ಎಣಿಸಿ ಮುಗಿಸುವವರೂ ನಮ್ಮಲ್ಲಿದ್ದಾರೆ. 2023ರ ಏಪ್ರಿಲಿನಲ್ಲಿ ಸಲಿಂಗ ಮದುವೆಯ ಕೇಸು ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿದ್ದಾಗ ಭಾರತದ ವಕೀಲರ ಪರಿಷತ್ತು ಒಂದು ನಿರ್ಣಯ ಮಾಡಿತು: ದೇಶದ ಶೇ. 99.9ಕ್ಕೂ ಹೆಚ್ಚು ಜನ ಇದಕ್ಕೆ ವಿರೋಧವಂತೆ. ಯಾರನ್ನು ಕೇಳಿದರು? ನಮ್ಮ ಕೇರಿಗಂತೂ ಯಾರೂ ಬರಲಿಲ್ಲ. ಹೋಗಲಿ, ಆ ಲೆಕ್ಕ ನಿಜವೇ ಇರಲಿ. ಉಳಿದವರು ಸಾವಿರಕ್ಕೆ ಒಬ್ಬರೇ ಇರಲಿ. ಸಂವಿಧಾನ ಬರೆದದ್ದು ಆ ಒಬ್ಬರಿಗಾಗಿ. ಸಾವಿರದ ಜತೆಗಿರುವವರಿಗೆ ಸಂವಿಧಾನ ಯಾತಕ್ಕೆ, ಊರೇ ಸಾಕಲ್ಲ?

ಕೋರ್ಟೇ ದೇವರು ಅಂತ ನಾನು ಹೇಳುತ್ತಿಲ್ಲ. 2023ರ ಅಕ್ಟೋಬರ್ 17ರಂದು ನಮ್ಮ ಸುಪ್ರೀಂ ಕೋರ್ಟು ಮದುವೆ ಮೂಲಭೂತ ಹಕ್ಕಲ್ಲ, ಕಾನೂನು ಮಾಡೋದು ಪಾರ್ಲಿಮೆಂಟಿನ ಕೆಲಸ ಅಂತ ಕೈ ತೊಳೆದುಕೊಂಡಿತು. ಮದುವೆಯಾಗದ ಜೋಡಿಗಳು ಒಟ್ಟಿಗೆ ದತ್ತು ಪಡೆಯದಂತೆ ತಡೆಯುವ ನಿಯಮವನ್ನೂ ಮೂರಕ್ಕೆ ಎರಡರಿಂದ ಉಳಿಸಿತು. ಮದುವೆಯಾಗೋಕೆ ಬಿಡೋದಿಲ್ಲ, ಮದುವೆಯಾಗಿಲ್ಲ ಅಂತ ಮಗು ಕೊಡೋದಿಲ್ಲ. ಕೆರೆಗೆ ಬಿಡದೆ, ಸ್ನಾನ ಮಾಡಿಲ್ಲ ಅಂತ ಬೈದವರ ನ್ಯಾಯ ಇದು.

ಐರ್ಲೆಂಡಿನಲ್ಲಿ ಓಟಿನಿಂದಲೇ ಗೆದ್ದರಲ್ಲ ಅಂತ ಕೇಳುತ್ತೀರಿ. ನಿಜ. 2015ರ ಮೇ 22ರಂದು ಶೇ. 62ರಷ್ಟು ಜನ ಹೌದು ಅಂದರು. ಅಲ್ಲಿ ಜನರ ಓಟಿಲ್ಲದೆ ಸಂವಿಧಾನ ತಿದ್ದುವಂತಿಲ್ಲ. ಅವರ ಗೆಲುವು ನನಗೂ ಸಂತೋಷವೇ. ಆದರೆ ಅದಕ್ಕಾಗಿ ಅವರು ಮನೆಮನೆ ಬಾಗಿಲು ತಟ್ಟಿ, ನಾನೂ ನಿಮ್ಮ ಹಾಗೇ ಅಂತ ಒಪ್ಪಿಸಬೇಕಾಯಿತು. ಬೇರೆ ಯಾವ ಗಂಡ ಹೆಂಡತಿ ತಮ್ಮ ಮದುವೆಗೆ ಊರಿನ ಬಾಗಿಲೆಲ್ಲ ತಟ್ಟಿದ್ದಾರೆ ಹೇಳಿ? ಜನರ ಮನಸ್ಸು ತಿದ್ದಲು ಬಾಗಿಲು ತಟ್ಟೋಣ, ಅದು ಚಳವಳಿಯ ಕೆಲಸ. ಬಾಗಿಲು ತೆರೆಯದಿದ್ದರೆ ಹಕ್ಕೇ ಇಲ್ಲ ಅನ್ನೋದು ಅನ್ಯಾಯ.

ಸ್ಲೊವೇನಿಯದಲ್ಲಿ 2022ರಲ್ಲಿ ಅದೇ ಸಂವಿಧಾನ ನ್ಯಾಯಾಲಯ ಮದುವೆಯ ತಡೆಯೂ ದತ್ತಿನ ತಡೆಯೂ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಅಕ್ಟೋಬರಿನಲ್ಲಿ ಪಾರ್ಲಿಮೆಂಟು ಕಾನೂನು ತಿದ್ದಿತು. ಸಂತೋಷ. ಆದರೆ ನಡುವಿನ ಏಳು ವರ್ಷ? 2015ರಲ್ಲಿ ಹಾಲು ಕುಡಿಯುತ್ತಿದ್ದ ಕೂಸು ಅಷ್ಟರಲ್ಲಿ ಸ್ಕೂಲು ಸೇರಿತ್ತು. ಆ ವರ್ಷಗಳನ್ನು ಯಾವ ಓಟು ವಾಪಸು ಕೊಡುತ್ತೆ?

ಸಂವಿಧಾನದ ನೀತಿ ಹುಟ್ಟಿನಿಂದ ಬರುವುದಲ್ಲ, ಅದನ್ನು ಬೆಳೆಸಿಕೊಳ್ಳಬೇಕು ಅಂತ ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದರು. ನಾವು ಇದನ್ನು ಸವರ್ಣೀಯರಿಗೆ ಹೇಳಿದ ಮಾತು ಅಂದುಕೊಂಡಿದ್ದೇವೆ. ನಮಗೂ ಹೇಳಿದ ಮಾತು ಗೆಳೆಯರೇ. ಊರಿನ ಎದುರು ನಾವು ನಲವತ್ತು ಮನೆ. ನಮ್ಮ ಕೂಟದೊಳಗೆ ಆ ಸಂಗಾತಿಯ ಎದುರು ನಾವೇ ಊರು.

ಮುಂದಿನ ಕೂಟದಲ್ಲಿ ಈ ಮಾತು ಮತ್ತೆ ಬರುತ್ತೆ. ಕೈ ಎತ್ತಿ ಅಂತ ಯಾರಾದರೂ ಅಂದರೆ ನಾನು ಎತ್ತೋದಿಲ್ಲ. ಯಾಕೆ ಅಂತ ಎದ್ದು ನಿಂತು ಹೇಳುತ್ತೇನೆ.

ಜೈ ಭೀಮ್.