"ಮೀಸಲಾತಿ ಪೈಲಟ್ ಹಾರಿಸೋ ವಿಮಾನ ಹತ್ತುತ್ತೀರಾ?" ಅಂತ ಕೇಳೋರಿಗೆ

ಮೀಸಲಾತಿ ಮಾತು ಬಂದಾಗೆಲ್ಲ ಯಾರಾದ್ರೂ ಒಬ್ಬರು ಈ ಪ್ರಶ್ನೆ ಎತ್ತೇ ಎತ್ತುತ್ತಾರೆ. ಡಾಕ್ಟರ್ ಆಯ್ತು, ಇಂಜಿನಿಯರ್ ಆಯ್ತು, ಈಗ ಪೈಲಟ್. ಕೇಳಿ ತಾವೇ ನಗ್ತಾರೆ. ನಾನು ಉತ್ತರ ಕೊಡ್ತೀನಿ, ಯಾಕಂದ್ರೆ ಹೀಗೆ ಕೇಳೋರಲ್ಲಿ ಹೆಚ್ಚಿನವರಿಗೆ ಪೈಲಟ್ ಲೈಸೆನ್ಸ್ ಹೇಗೆ ಸಿಗುತ್ತೆ ಅನ್ನೋದೇ ಗೊತ್ತಿರಲ್ಲ.

ಕೇಳಿ ಸ್ವಾಮಿ. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಕೊಡೋದು ಡಿಜಿಸಿಎ. ನ್ಯಾವಿಗೇಷನ್, ಹವಾಮಾನ, ವಾಯುಯಾನ ನಿಯಮ, ವಿಮಾನದ ತಾಂತ್ರಿಕ ವಿಷಯ, ಪ್ರತಿ ಪೇಪರ್‌ನಲ್ಲೂ 100ಕ್ಕೆ 70 ಬರಬೇಕು. 69 ಬಂದ್ರೆ ಫೇಲು. ಬ್ರಾಹ್ಮಣರಿರಲಿ, ಲಿಂಗಾಯತರಿರಲಿ, ನಾವಿರಲಿ. ಕ್ಲಾಸ್ 1 ಮೆಡಿಕಲ್ ಪಾಸಾಗಬೇಕು. 200 ಗಂಟೆ ಹಾರಿಸಬೇಕು, ಅದರಲ್ಲಿ 100 ಗಂಟೆ ವಿಮಾನದ ಪೂರ್ತಿ ಹೊಣೆ ನಿಮ್ಮದೇ. ಒಂದು ಸಲ 300 ನಾಟಿಕಲ್ ಮೈಲಿ, ಅಂದ್ರೆ ಹತ್ತಿರ ಹತ್ತಿರ 555 ಕಿಲೋಮೀಟರ್ ಹಾರಿ, ದಾರಿಯಲ್ಲಿ ಬೇರೆ ಎರಡು ಏರೋಡ್ರೋಮ್‌ಗಳಲ್ಲಿ ಇಳಿಸಿ ಬರಬೇಕು. ರಾತ್ರಿ ಹಾರಾಟ ಬೇರೆ. ಕೆಲಸ ಸಿಕ್ಕ ಮೇಲೂ ಆರು ತಿಂಗಳಿಗೊಮ್ಮೆ ಪರೀಕ್ಷೆ ತಪ್ಪಲ್ಲ. ಇದರಲ್ಲಿ ಜಾತಿಗೆ ರಿಯಾಯಿತಿ ಎಲ್ಲಿದೆ, ತೋರಿಸಿ.

ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿರೋ ಕೇಂದ್ರ ಸರ್ಕಾರದ ಇಂದಿರಾಗಾಂಧಿ ಉಡಾನ್ ಅಕಾಡೆಮಿಯಲ್ಲಿ ಎಸ್‌ಸಿ, ಎಸ್‌ಟಿ ಸೀಟು ಇದೆ, ನಿಜ. ಅದು ಒಳಗೆ ಹೋಗೋ ಬಾಗಿಲು. ಹೊರಗೆ ಬರೋ ಬಾಗಿಲು ಎಲ್ಲರಿಗೂ ಅದೇ 70, ಅದೇ 200 ಗಂಟೆ.

ಈಗ ನಾನು ಕೇಳ್ತೀನಿ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ತಗೊಂಡಿದ್ದ ಪೈಲಟ್‌ಗಳು ಒಬ್ಬೊಬ್ಬರಾಗಿ ಸಿಕ್ಕಿಬಿದ್ದರಲ್ಲ, ಹಾರದ ಗಂಟೆಗಳನ್ನ ಹಾರಿದೀವಿ ಅಂತ ಲಾಗ್‌ಬುಕ್‌ನಲ್ಲಿ ಬರೆಸಿಕೊಂಡ ಪ್ರಕರಣಗಳು ಹೊರಬಂದವಲ್ಲ, ಆವತ್ತು ಯಾರಾದ್ರೂ "ಇವರ ಜಾತಿ ಯಾವುದು" ಅಂದ್ರಾ? "ಮೆರಿಟ್ ಹಾಳಾಯ್ತು" ಅಂತ ಬೋರ್ಡ್ ಹಿಡಿದು ಬೀದಿಗೆ ಬಂದ್ರಾ? ಅದು ಭ್ರಷ್ಟಾಚಾರ ಆಯ್ತು ಅಷ್ಟೇ. ನಮ್ಮ ಹುಡುಗ ಒಂದು ಸೀಟು ಕೇಳಿದ್ರೆ ಮಾತ್ರ ಪ್ರಯಾಣಿಕರ ಪ್ರಾಣ ನೆನಪಾಗುತ್ತೆ.

ಅಸಲಿ ಮೀಸಲಾತಿ ಇರೋದು ದುಡ್ಡಲ್ಲಿ. ಈ 200 ಗಂಟೆಯನ್ನ ಗಂಟೆ ಲೆಕ್ಕದಲ್ಲಿ ಕೊಂಡ್ಕೋಬೇಕು. ಖಾಸಗಿ ಶಾಲೆಗಳಲ್ಲಿ ಒಟ್ಟು ಖರ್ಚು ಅರ್ಧ ಕೋಟಿ ದಾಟುತ್ತೆ. ಆಮೇಲೆ ಏರ್‌ಬಸ್ಸೋ ಬೋಯಿಂಗೋ ಹಾರಿಸೋಕೆ ಟೈಪ್ ರೇಟಿಂಗ್, ಮತ್ತೆ ಲಕ್ಷಗಳು. ಬ್ಯಾಂಕಿಗೆ ಹೋದ್ರೆ 7.5 ಲಕ್ಷದ ಮೇಲಿನ ಶಿಕ್ಷಣ ಸಾಲಕ್ಕೆ ಅಡಮಾನ ಕೇಳ್ತಾರೆ. ಪೌರಕಾರ್ಮಿಕರ ಮಗಳು ಏನು ಅಡ ಇಡಬೇಕು, ಅವರಮ್ಮನ ಪೊರಕೆನಾ? ಎಸ್‌ಸಿ ಮಕ್ಕಳಿಗಂತ ಕೇಂದ್ರ ತಂದ ಟಾಪ್ ಕ್ಲಾಸ್ ಎಜುಕೇಷನ್ ಯೋಜನೆಯಲ್ಲಿ ಖಾಸಗಿ ಫ್ಲೈಯಿಂಗ್ ಕ್ಲಬ್ ಫೀಸಿಗೆ ಹಾಕಿದ್ದ ಮಿತಿ ವರ್ಷಕ್ಕೆ 3.72 ಲಕ್ಷ. ಅರ್ಧ ಕೋಟಿಯ ಕೋರ್ಸಿಗೆ ಅದು ಯಾವ ಮೂಲೆಗೆ? ಅಪ್ಪನ ಸೈಟು ಮಾರಿ ಕಲಿತವನದು ಮೆರಿಟ್, ಸರ್ಕಾರದ ಸೀಟಲ್ಲಿ ಕಲಿತವನದು ಭಿಕ್ಷೆ. ಒಳ್ಳೇ ಲೆಕ್ಕ ರೀ.

ಇಷ್ಟೆಲ್ಲ ದಾಟಿ ಕಾಕ್‌ಪಿಟ್ ತನಕ ಹೋದವರ ಕಥೆಯೂ ಕೇಳಿ. 2025ರ ಜೂನ್‌ನಲ್ಲಿ ಒಬ್ಬ ದಲಿತ ತರಬೇತಿ ಪೈಲಟ್, ಮೇಲಧಿಕಾರಿಗಳು ತನಗೆ "ವಿಮಾನ ಹಾರಿಸೋಕೆ ನೀನು ಲಾಯಕ್ಕಿಲ್ಲ, ಹೋಗಿ ಚಪ್ಪಲಿ ಹೊಲಿ" ಅನ್ನೋ ಅರ್ಥದಲ್ಲಿ ಹೇಳಿದ್ರು ಅಂತ ಬೆಂಗಳೂರಲ್ಲಿ ಪೊಲೀಸ್ ದೂರು ಕೊಟ್ಟರು. ಕಂಪನಿ ಅಲ್ಲಗಳೆದಿದೆ. ತನಿಖೆ, ಕೋರ್ಟು ಏನು ಹೇಳುತ್ತೋ ಹೇಳಲಿ. ಆದ್ರೆ ಆ ದೂರು ಓದಿದಾಗ ನಮ್ಮಲ್ಲಿ ಯಾರಿಗೂ ಆಶ್ಚರ್ಯ ಆಗಲಿಲ್ಲ, ಅದನ್ನ ಯೋಚಿಸಿ.

ಜಕ್ಕೂರಲ್ಲಿ ಸರ್ಕಾರದ್ದೇ ವೈಮಾನಿಕ ತರಬೇತಿ ಶಾಲೆ ಇದೆ. ರನ್‌ವೇ ಸರ್ಕಾರದ್ದು. ನಮ್ಮ ಹೆಸರಲ್ಲಿ ತೆಗೆದಿಡೋ ಎಸ್‌ಸಿಎಸ್‌ಪಿ, ಟಿಎಸ್‌ಪಿ ಹಣಕ್ಕೆ 2013ರ ಕಾಯ್ದೆಯೇ ಇದೆ. ಆ ಹಣ ಬೇರೆ ಬೇರೆ ಬಾಬತ್ತಿಗೆ ಹರಿಯೋದನ್ನ ಬಜೆಟ್ ಬಂದಾಗೆಲ್ಲ ನೋಡ್ತೀವಿ. ಅದರಲ್ಲಿ ಪ್ರತಿ ವರ್ಷ ಇಷ್ಟು ಮಕ್ಕಳಿಗೆ ಮೊದಲ ಗಂಟೆಯಿಂದ ಟೈಪ್ ರೇಟಿಂಗ್ ತನಕ ಪೂರ್ತಿ ಖರ್ಚು ಕೊಡ್ತೀವಿ ಅಂತ ಸಮಾಜ ಕಲ್ಯಾಣ ಇಲಾಖೆ ಬರೆದು ಹೇಳಲಿ. ಅರ್ಧಂಬರ್ಧ ದುಡ್ಡು ಬೇಡ. 60 ಗಂಟೆ ಹಾರಿ ನಿಂತವನಿಗೆ ಲೈಸೆನ್ಸೂ ಇಲ್ಲ, ಕೈತುಂಬ ಸಾಲ.

ಪಿಯುಸಿ ಸೈನ್ಸ್ ಓದ್ತಿರೋ ತಮ್ಮಂದಿರೇ, ತಂಗಿಯರೇ, ಯಾವ ಅಕಾಡೆಮಿಗೂ ದುಡ್ಡು ಕಟ್ಟೋ ಮೊದಲು ಡಿಜಿಸಿಎ ಮಾನ್ಯತೆ ಇರೋ ಡಾಕ್ಟರ್ ಹತ್ರ ಕ್ಲಾಸ್ 2 ಮೆಡಿಕಲ್ ಮಾಡಿಸಿ, ಆಮೇಲೆ ಕ್ಲಾಸ್ 1. ಕನ್ನಡಕ ಇದ್ದ ಮಾತ್ರಕ್ಕೆ ಹೆದರಬೇಡಿ. ಫಿಸಿಕ್ಸ್, ಮ್ಯಾಥ್ಸ್ ಬಿಡಬೇಡಿ. ಉಡಾನ್ ಅಕಾಡೆಮಿ ಪ್ರವೇಶ ಪರೀಕ್ಷೆಯ ಪ್ರಕಟಣೆ ನೋಡ್ತಾ ಇರಿ. ಜಾತಿ ಸರ್ಟಿಫಿಕೇಟ್ ಈಗಲೇ ಮಾಡಿಸಿಟ್ಕೊಳ್ಳಿ, ಕೊನೇ ವಾರದಲ್ಲಿ ನಾಡಕಚೇರಿ ಸರ್ವರ್ ಡೌನ್ ಇರುತ್ತೆ.

ಜೈ ಭೀಮ್.