ಹಳೆಯದೆಂದರೆ ಮೂಗು ಮುರಿಯಬೇಕೆ?

ನನ್ನ ವಯಸ್ಸಿನವರು ಕಂತಿನಲ್ಲಾದರೂ ಸರಿ ಹೊಸ ಫೋನ್ ಕೊಳ್ಳುತ್ತಾರೆ. ನಾನು ಕೊಂಡದ್ದು ನನಗಿಂತ ಹಿರಿಯದಾದ ಒಂದು ಆ್ಯಂಪ್ಲಿಫೈಯರ್. ಗೆಳೆಯರು ‘ಗುಜರಿ ಅಂಗಡಿ ಇಡ್ತೀಯಾ?’ ಎಂದು ನಕ್ಕರು. ನಗಲಿ. ಆದರೆ ಹಳೆಯದು ಎಂದ ಕೂಡಲೇ ಮೂಗು ಮುರಿಯುವ ನಮ್ಮ ಅಭ್ಯಾಸದ ಬಗ್ಗೆ ಎರಡು ಮಾತು ಹೇಳಬೇಕಿದೆ.

ನಮ್ಮೂರು ಇರುವುದು ಆಲೂರು–ಸಕಲೇಶಪುರದ ನಡುವಿನ ಕಾಫಿ ತೋಟಗಳ ಮಧ್ಯೆ. ಹಾಸನದಲ್ಲಿ ಬಿ.ಇ. ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ. ನಮ್ಮ ಚಿಕ್ಕಜ್ಜ ಹಿಂದೆ ಆರ್ಕೆಸ್ಟ್ರಾದಲ್ಲಿ ಸ್ಟೀಲ್ ಗಿಟಾರ್ ನುಡಿಸುತ್ತಿದ್ದರು. ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ವಾದ್ಯ ಅದು. ಹವಾಯಿ ದ್ವೀಪದಿಂದ ಬಂದದ್ದು. ಬ್ರಿಜ್‌ಭೂಷಣ್ ಕಾಬ್ರಾ ಅದರಲ್ಲಿ ಹಿಂದೂಸ್ತಾನಿ ರಾಗ ನುಡಿಸಿ ತೋರಿಸಿದರು. ಅದನ್ನೇ ಮಾರ್ಪಡಿಸಿ ‘ಮೋಹನ ವೀಣೆ’ ಮಾಡಿಕೊಂಡ ವಿಶ್ವಮೋಹನ ಭಟ್ಟರಿಗೆ 1994ರಲ್ಲಿ ಗ್ರ್ಯಾಮಿ ಬಂತು. ನಮ್ಮ ಬೆಂಗಳೂರಿನಲ್ಲೇ ಪ್ರಕಾಶ್ ಸೊಂಟಕ್ಕೆ ಅವರಂಥ ಸ್ಲೈಡ್ ಗಿಟಾರ್ ಕಲಾವಿದರಿದ್ದಾರೆ. ಆದರೆ ನಮ್ಮ ಕಡೆಯ ಆರ್ಕೆಸ್ಟ್ರಾಗಳಿಗೆ ಕೀಬೋರ್ಡ್ ಬಂದ ಮೇಲೆ ಚಿಕ್ಕಜ್ಜನ ಗಿಟಾರ್ ಅಟ್ಟ ಸೇರಿತು. ಎರಡು ವರ್ಷದ ಹಿಂದೆ ಅದನ್ನು ಇಳಿಸಿ, ಅವರ ಹತ್ತಿರವೇ ಕಲಿಯಲು ಕೂತೆ.

ಗಿಟಾರ್‌ಗೆ ಪಿಕಪ್ ಇತ್ತು, ಆ್ಯಂಪ್ಲಿಫೈಯರ್ ಇರಲಿಲ್ಲ. ಊರ ಗಣಪತಿ ಪೆಂಡಾಲ್‌ನ ಮೈಕ್ ಆ್ಯಂಪ್ಲಿಫೈಯರ್‌ಗೆ ಚುಚ್ಚಿದರೆ ಕಂಬಳಿ ಹೊದ್ದು ಹಾಡಿದ ಹಾಗೆ ಕೇಳಿಸಿತು. ಕಾರಣ ಸರಳ. ಗಿಟಾರ್ ಪಿಕಪ್‌ಗೆ ಸುಮಾರು ಹತ್ತು ಲಕ್ಷ ಓಮ್ ಇನ್‌ಪುಟ್ ಇಂಪಿಡೆನ್ಸ್ ಬೇಕು. ಮೈಕ್ ಇನ್‌ಪುಟ್‌ನಲ್ಲಿ ಇರುವುದು ಕೆಲವು ಸಾವಿರ ಓಮ್ ಮಾತ್ರ. ತಾರ ಸ್ವರದ ಹೊಳಪೆಲ್ಲ ಅಲ್ಲೇ ಸೋರಿಹೋಗುತ್ತದೆ.

ಸರಿ, ವಿದ್ಯಾರ್ಥಿವೇತನದಲ್ಲಿ ಉಳಿಸಿದ್ದ ನಾಲ್ಕು ಸಾವಿರ ರೂಪಾಯಿ ಕೊಟ್ಟು, ಫೋನಿನಲ್ಲಿ ಚಿತ್ರ ನೋಡಿಯೇ ಒಂದು ಅಮೆರಿಕನ್ ಪೆಟ್ಟಿಗೆ ತರಿಸಿಕೊಂಡೆ. ಪ್ಲಗ್ ನಮ್ಮ ಮೂರು ಪಿನ್ನಿನದೇ ಇತ್ತು. ಹಾಕಿದೆ. ಅರ್ಧ ನಿಮಿಷ ಗುಂಯ್‌ಗುಟ್ಟಿತು, ಆಮೇಲೆ ಹೊಗೆ! ಹಿಂದಿನ ತಗಡಿನ ಮೇಲೆ ‘120 ವೋಲ್ಟ್’ ಎಂದು ಸ್ಪಷ್ಟವಾಗಿ ಬರೆದಿತ್ತು. ನಮ್ಮ ಮನೆಯದು 230. ಫ್ಯೂಸ್ ಆದರೂ ಕಾಪಾಡಬೇಕಿತ್ತು, ಆದರೆ ಯಾರೋ ಅದಕ್ಕೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ್ದರು. ಚಿಕ್ಕಜ್ಜ ಏನೂ ಅನ್ನಲಿಲ್ಲ, ಎದ್ದು ಕಿಟಕಿ ತೆರೆದರು. ಆ ಸೆಮಿಸ್ಟರ್‌ನಲ್ಲಿ ಅನಲಾಗ್ ಸರ್ಕ್ಯೂಟ್ಸ್ ವಿಷಯದಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು. ಕ್ಲಾಸ್ ಎಬಿ ಆ್ಯಂಪ್ಲಿಫೈಯರ್‌ನ ಲೆಕ್ಕ ಕಣ್ಮುಚ್ಚಿ ಮಾಡುತ್ತಿದ್ದವನು ಒಂದು ತಗಡು ಓದಲಿಲ್ಲ. ಹಣ ಹೋದದ್ದಕ್ಕಿಂತ ಆ ನಾಚಿಕೆಯೇ ಹೆಚ್ಚು ಚುಚ್ಚಿತು.

‘ಇನ್ನು ಹಳೆಯದರ ಸಹವಾಸ ಬೇಡ’ ಎಂದರು ಅಪ್ಪ. ಗೆಳೆಯರು ‘ಕೊಂಡರೆ ವಾಲ್ವ್ ಆ್ಯಂಪ್ ಕೊಳ್ಳಬೇಕು, ಸಾಲಿಡ್ ಸ್ಟೇಟ್ ಅಂದ್ರೆ ಜೀವ ಇಲ್ಲದ ಸದ್ದು’ ಎಂದರು. ಇದು ರಾಕ್ ಗಿಟಾರ್‌ನವರ ಮಾತು. ಅವರಿಗೆ ವಾಲ್ವ್ ಬಿಸಿಯಾಗಿ ಒಡೆಯುವ ಸದ್ದು ಬೇಕು. ಸ್ಟೀಲ್ ಗಿಟಾರ್‌ಗೆ ಬೇಕಾದದ್ದು ಒಡೆಯದ, ಉದ್ದಕ್ಕೆ ನಿಲ್ಲುವ ಸ್ವಚ್ಛ ಸ್ವರ. ಅಮೆರಿಕದ ಪೆಡಲ್ ಸ್ಟೀಲ್ ವಾದಕರು ದಶಕಗಳಿಂದ ಪೀವಿ ನ್ಯಾಶ್‌ವಿಲ್ 400ರಂಥ ಸಾಲಿಡ್ ಸ್ಟೇಟ್ ಪೆಟ್ಟಿಗೆಗಳನ್ನೇ ನೆಚ್ಚಿಕೊಂಡದ್ದು ಸುಮ್ಮನೆ ಅಲ್ಲ. ಉಳಿದವರು ಬೇಡವೆನ್ನುವುದರಿಂದ ಹಳೆಯ ಸಾಲಿಡ್ ಸ್ಟೇಟ್ ಅಗ್ಗಕ್ಕೂ ಸಿಗುತ್ತದೆ.

ಸಕಲೇಶಪುರದ ಹತ್ತಿರ ಒಂದು ಹೋಂಸ್ಟೇನಲ್ಲಿ 50 ವ್ಯಾಟ್‌ನದೊಂದು ಮೂಲೆ ಹಿಡಿದಿದೆ ಎಂದು ತಿಳಿಯಿತು. ಈ ಸಲ ಚಿಕ್ಕಜ್ಜನೂ ಗಿಟಾರ್ ಹಿಡಿದು ಬಂದರು. ಮೊದಲು ವೋಲ್ಟೇಜ್ ಓದಿದೆ, ಆಮೇಲೆ ಫ್ಯೂಸ್ ಬಿಚ್ಚಿ ನೋಡಿದೆ, ಅರ್ತ್ ಪಿನ್ ಇದೆಯೇ ಎಂದು ಪರೀಕ್ಷಿಸಿದೆ. ನಾನು ಗಿಟಾರ್ ಚುಚ್ಚಲು ಹೋದರೆ ಚಿಕ್ಕಜ್ಜ ತಡೆದರು. ‘ಏನೂ ಹಾಕದೆ ವಾಲ್ಯೂಮ್ ಏರಿಸು, ಸುಮ್ಮನಿರುವಾಗ ಏನು ಹೇಳುತ್ತೆ ಕೇಳೋಣ’ ಎಂದರು. ದಪ್ಪ ಗುಂಯ್ ಸದ್ದು: ಫಿಲ್ಟರ್ ಕೆಪಾಸಿಟರ್ ಒಣಗಿದೆ. ಗುಂಡಿ ತಿರುಗಿಸಿದರೆ ಕರಕರ: ನಮ್ಮ ಮಳೆಗಾಲದ ಥಂಡಿಯ ಕೊಡುಗೆ. ಕೊನೆಗೆ ಒಂದು ಸ್ವರ ಮೀಟಿ ಅದು ಸಣ್ಣಗಾಗಿ ಮುಗಿಯುವವರೆಗೂ ಕೇಳಿದೆವು. ಟ್ರಾನ್ಸಿಸ್ಟರ್‌ನ ಬಯಾಸ್ ಕೆಟ್ಟಿದ್ದರೆ ಸ್ವರದ ಬಾಲದಲ್ಲಿ ಗರಗರ ಕೇಳಿಸುತ್ತದೆ. ಪರೀಕ್ಷೆಯಲ್ಲಿ ನಾನು ಬರೆದ ‘ಕ್ರಾಸ್‌ಓವರ್ ಡಿಸ್ಟಾರ್ಶನ್’ ಇದೇ ಎಂದು ಅವತ್ತು ಹೊಳೆಯಿತು. ಇದರಲ್ಲಿ ಬಾಲ ಶುದ್ಧವಾಗಿತ್ತು. ಒಂಬತ್ತು ಸಾವಿರ ಹೇಳಿದ್ದರು, ದೋಷಗಳನ್ನು ತೋರಿಸಿ ಐದೂವರೆಗೆ ಒಪ್ಪಿಸಿದೆ. ಕತ್ತಲಾದರೆ ಆನೆ ಕಾಟ. ಬೆಳಕಿರುವಾಗಲೇ ಮನೆ ಸೇರಿದೆವು.

ಆಲೂರಿನ ಹಳೆಯ ರೇಡಿಯೊ ರಿಪೇರಿಯವರೊಬ್ಬರು ಎರಡು ಕೆಪಾಸಿಟರ್ ಬದಲಿಸಿದರು. ಅದಕ್ಕಿಂತ ಮುಖ್ಯವಾಗಿ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ವಿದ್ಯುತ್ ಉಳಿದಿರುತ್ತದೆ, ಮೊದಲು ಅದನ್ನು ಖಾಲಿ ಮಾಡು ಎಂದು ತೋರಿಸಿಕೊಟ್ಟರು. ಮೂರು ವರ್ಷದ ಓದಿನಲ್ಲಿ ಯಾರೂ ನನ್ನ ಕೈಯಲ್ಲಿ ಕೆಟ್ಟ ಯಂತ್ರವೊಂದನ್ನು ಇಟ್ಟು ‘ಯಾಕೆ ಕೆಟ್ಟಿದೆ ಹೇಳು’ ಎಂದಿರಲಿಲ್ಲ.

ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ನನ್ನ ನಾಲ್ಕು ಸಾವಿರ ಹೊಗೆಯಾದದ್ದು ಹಳೆಯದರಲ್ಲೇ. ಆದರೆ ತಪ್ಪು ಪೆಟ್ಟಿಗೆಯದಲ್ಲ, ನೋಡದೆ ಕೊಂಡ ನನ್ನದು. ಹೊಸದು ಕೊಂಡರೆ ನೋಡುವ ಕಷ್ಟವಿಲ್ಲ ಎಂದು ನಾವು ಅಂದುಕೊಂಡಿದ್ದೇವೆ. ಹಾಗಾಗಿಯೇ ನೋಡುವುದನ್ನೂ ಕಲಿಯುತ್ತಿಲ್ಲ. ಇ-ತ್ಯಾಜ್ಯಕ್ಕೆ 2023ರ ಏಪ್ರಿಲ್‌ನಿಂದ ಹೊಸ ನಿಯಮಗಳು ಬಂದಿವೆ, ಒಳ್ಳೆಯದೇ. ಅದಕ್ಕೂ ಮೊದಲು ನಮ್ಮ ಲ್ಯಾಬ್‌ಗಳಿಗೆ ಒಂದೊಂದು ಬ್ಯಾಚಿಗೆ ಒಂದೊಂದು ಕೆಟ್ಟ ಆ್ಯಂಪ್ಲಿಫೈಯರ್ ಬರಲಿ. ಪಾಠ ಹೇಳಲು ಊರೂರಿನ ರಿಪೇರಿಯವರನ್ನೂ ಕರೆಯೋಣ. ಅವರ ಅಂಗಡಿಗಳು ಒಂದೊಂದಾಗಿ ಮುಚ್ಚುವ ಮೊದಲು.

ಈಗ ಸಂಜೆ ಕರೆಂಟ್ ಇದ್ದರೆ ಚಿಕ್ಕಜ್ಜ ಅರ್ಧ ಗಂಟೆ ನುಡಿಸುತ್ತಾರೆ. ಆಮೇಲೆ ನನ್ನ ಸರದಿ. ಸುಟ್ಟ ಅಮೆರಿಕನ್ ಪೆಟ್ಟಿಗೆ ಇನ್ನೂ ಅಟ್ಟದಲ್ಲೇ ಇದೆ. 230 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿದರೆ ಬದುಕಬಹುದಂತೆ. ಪರೀಕ್ಷೆ ಮುಗಿಯಲಿ, ಅದನ್ನು ಇಳಿಸುತ್ತೇನೆ.